ಬಸ್ಸಿನ ಟಿಕೆಟ್ಟು, ಆ್ಯಪ್‌ನ ಹರಾಜು

ಗಂಡ, ಹೆಂಡತಿ, ಹದಿನೈದು ವರ್ಷದ ಒಬ್ಬ ಮಗ. ಬೆಂಗಳೂರಿನ ಈ ಮೂವರು ಹತ್ತು ಕಿಲೋಮೀಟರ್ ದೂರದ ನೆಂಟರ ಮನೆಗೆ ಹೋಗಬೇಕಾಗಿದೆ ಎಂದಿಟ್ಟುಕೊಳ್ಳೋಣ. ಮೆಟ್ರೊ ಹತ್ತಿದರೆ 2025ರ ಫೆಬ್ರವರಿಯಲ್ಲಿ ಪರಿಷ್ಕೃತವಾದ ದರದಂತೆ ತಲೆಗೆ 50 ರೂಪಾಯಿ, ಒಟ್ಟು 150. ಆಟೊ ಹಿಡಿದರೆ ಅದೇ ವರ್ಷ ಆಗಸ್ಟ್ 1ರಿಂದ ಸರಕಾರವೇ ನಿಗದಿಪಡಿಸಿದ ದರದಂತೆ ಮೊದಲ ಎರಡು ಕಿಲೋಮೀಟರಿಗೆ 36, ಆ ಮೇಲಿನ ಪ್ರತಿ ಕಿಲೋಮೀಟರಿಗೆ 18, ಒಟ್ಟು 180. ಮೂವತ್ತು ರೂಪಾಯಿಯ ವ್ಯತ್ಯಾಸ. ಆದರೆ ಮೆಟ್ರೊ ನಿಲ್ದಾಣ ಯಾರ ಮನೆಯ ಅಂಗಳದಲ್ಲೂ ಇಲ್ಲ. ಈ ಕಡೆ ನಿಲ್ದಾಣಕ್ಕೆ ಹೋಗಲು ಒಂದು ಆಟೊ, ಆ ಕಡೆ ನಿಲ್ದಾಣದಿಂದ ನೆಂಟರ ಮನೆಗೆ ಇನ್ನೊಂದು ಆಟೊ ಎಂದಾದರೆ ಕನಿಷ್ಠ ದರದಲ್ಲೇ 72 ರೂಪಾಯಿ ಸೇರಿತು. ಲೆಕ್ಕ 222ಕ್ಕೆ ಮುಟ್ಟಿತು. ಸ್ಮಾರ್ಟ್ ಕಾರ್ಡಿನ ಶೇ. 5ರ ರಿಯಾಯಿತಿಯನ್ನು ಕಳೆದರೂ ಮನೆಬಾಗಿಲಿನಿಂದ ಮನೆಬಾಗಿಲಿಗೆ ನೇರ ಆಟೊದಲ್ಲಿ ಹೋಗುವುದೇ ಅಗ್ಗ.

ಸಾವಿರಾರು ಕೋಟಿ ರೂಪಾಯಿ ಸಾರ್ವಜನಿಕ ಹಣ ಸುರಿದು, ದಶಕಗಳ ಕಾಲ ರಸ್ತೆ ಅಗೆದು ಕಟ್ಟಿದ ಸಾರಿಗೆಯೊಂದು ಮೂವರ ಒಂದು ಸಾಧಾರಣ ಕುಟುಂಬದ ಮಟ್ಟಿಗೆ ಆಟೊರಿಕ್ಷಾಕ್ಕಿಂತ ದುಬಾರಿಯಾದರೆ ಆ ನಗರದ ಆಡಳಿತ ಏನೋ ಒಂದು ಮೂಲಭೂತ ವಿಷಯವನ್ನು ಮರೆತಿದೆ ಎಂದೇ ಅರ್ಥ. ಅದೇನೆಂಬುದನ್ನು ನೇರವಾಗಿಯೇ ಹೇಳಬೇಕಾಗಿದೆ.

ಓದುಗರಲ್ಲಿ ಹಲವರು ಇಲ್ಲೇ ನಮ್ಮನ್ನು ತಡೆಯಬಹುದು. ‘ಸ್ವಾಮಿ, ಮೀಟರ್ ಹಾಕುವ ಆಟೊ ನಿಮಗೆಲ್ಲಿ ಸಿಕ್ಕಿತು?’ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ರಸ್ತೆಯಲ್ಲಿ ಕೈ ಅಡ್ಡ ಹಾಕಿದರೆ ‘ಮೀಟರ್ ಮೇಲೆ ಐವತ್ತು’ ಎನ್ನುತ್ತಾರೆ, ಮೊಬೈಲ್ ತೆಗೆದರೆ ಆ್ಯಪ್ ತನ್ನದೇ ಒಂದು ಅಂಕಿ ತೋರಿಸುತ್ತದೆ. ಸರಕಾರದ 36 ಮತ್ತು 18 ಎಂಬುದು ಗೆಜೆಟ್ಟಿನಲ್ಲಿ ಭದ್ರವಾಗಿದೆ. ನಾವು ಹೇಳಹೊರಟಿರುವುದೂ ಅದನ್ನೇ. ಬಸ್ಸು, ಮೆಟ್ರೊ, ಆಟೊ, ಕಾರು ಇವುಗಳ ಖರ್ಚನ್ನು ಹೋಲಿಸುವ ಲೇಖನಗಳೆಲ್ಲ ಕಿಲೋಮೀಟರಿಗೆ ಎಷ್ಟು ಎಂಬ ಲೆಕ್ಕಕ್ಕೆ ಮುಗಿದುಬಿಡುತ್ತವೆ. ಆದರೆ ಬಸ್ಸಿನ ದರವೂ ಆ್ಯಪ್‌ನ ದರವೂ ಒಂದೇ ಜಾತಿಯ ವಸ್ತುಗಳಲ್ಲ. ಬಸ್ಸಿನ ಟಿಕೆಟ್ಟು ಒಂದು ಮಾತು. ಮಳೆ ಬರಲಿ, ಬಿಸಿಲಿರಲಿ, ನಿಮ್ಮ ತಾಯಿ ಆಸ್ಪತ್ರೆಯಲ್ಲಿರಲಿ, ನೀವು ಸುಮ್ಮನೆ ಲಾಲ್‌ಬಾಗಿಗೆ ಹೊರಟಿರಲಿ, ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ನಿನ್ನೆ ಎಷ್ಟಿತ್ತೋ ಇಂದೂ ಅಷ್ಟೇ. ಆ್ಯಪ್‌ನ ದರ ಹರಾಜು. ನಿಮ್ಮ ತುರ್ತು ಎಷ್ಟೋ ಅಷ್ಟು ಬೆಲೆ. ಹರಾಜಿನಲ್ಲಿ ಒಮ್ಮೊಮ್ಮೆ ವಸ್ತು ಅಗ್ಗಕ್ಕೂ ಸಿಗುತ್ತದೆ. ಹಾಗೆಂದು ಸಂಸಾರದ ಅಕ್ಕಿ ಬೇಳೆಯನ್ನು ದಿನವೂ ಹರಾಜಿನಲ್ಲಿ ಕೊಳ್ಳುತ್ತೇವೆಂದು ಯಾರೂ ಹೊರಡುವುದಿಲ್ಲ.

ಕೊಟ್ಟ ಮಾತನ್ನು ದುಬಾರಿ ಮಾಡಿ ಜನರನ್ನು ಹರಾಜುಕಟ್ಟೆಗೆ ಅಟ್ಟಿದ್ದು ಯಾರು ಎಂಬುದನ್ನು ನೋಡೋಣ.

2025ನೆಯ ಇಸವಿಯನ್ನು ಬೆಂಗಳೂರಿನ ಪ್ರಯಾಣಿಕರು ಸುಲಭವಾಗಿ ಮರೆಯಲಾರರು. ಜನವರಿ 5ರಂದು ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳು ಬಸ್ ದರವನ್ನು ಶೇ. 15ರಷ್ಟು ಏರಿಸಿದವು. ಬಿಎಂಟಿಸಿಯ ಕನಿಷ್ಠ ದರ 5 ರೂಪಾಯಿಯಿಂದ 6ಕ್ಕೆ, ಸಾಮಾನ್ಯ ಬಸ್ಸಿನ ದಿನದ ಪಾಸ್ 70ರಿಂದ 80ಕ್ಕೆ, ತಿಂಗಳ ಪಾಸ್ 1,050ರಿಂದ 1,200ಕ್ಕೆ ಹೋಯಿತು. ತಿಂಗಳು ಕಳೆಯುವಷ್ಟರಲ್ಲಿ, ಫೆಬ್ರವರಿ 9ರಂದು, ಮೆಟ್ರೊದ ಗರಿಷ್ಠ ದರ 60ರಿಂದ 90ಕ್ಕೆ ಜಿಗಿಯಿತು. ಕೆಲವು ನಿಲ್ದಾಣಗಳ ನಡುವಿನ ದರ ಒಮ್ಮೆಲೇ ದುಪ್ಪಟ್ಟನ್ನೂ ದಾಟಿದ್ದರಿಂದ ಜನ ಬೊಬ್ಬೆ ಹಾಕಿದರು, ಮುಖ್ಯಮಂತ್ರಿಗಳು ಎಲ್ಲೆಲ್ಲಿ ವಿಪರೀತವಾಗಿದೆಯೋ ಅಲ್ಲಿ ಇಳಿಸಿ ಎಂದರು, ಆಗ ನಿಗಮವು ಏರಿಕೆಯನ್ನು ಶೇ. 71ಕ್ಕೆ ಮಿತಿಗೊಳಿಸುವ ಔದಾರ್ಯ ತೋರಿತು. ಆಗಸ್ಟಿನಲ್ಲಿ ಆಟೊ ದರ ಏರಿತು. ಒಂದೇ ವರ್ಷದಲ್ಲಿ ಮೂರು ಏಟು. ನಡುವೆ ಏಪ್ರಿಲ್‌ನಲ್ಲಿ ಹಾಲಿನ ದರವೂ ಏರಿದ್ದನ್ನು ಗೃಹಿಣಿಯರು ನೆನಪಿಸುತ್ತಾರೆ, ಅದು ಬೇರೆ ವಿಷಯ.

ಬಸ್ಸಿನ ಏರಿಕೆಯನ್ನು ನಾವು ಅಷ್ಟಾಗಿ ದೂರುವುದಿಲ್ಲ. ಬಿಎಂಟಿಸಿ ಅದಕ್ಕೆ ಮೊದಲು ದರ ಏರಿಸಿದ್ದು 2014ರಲ್ಲಿ. ಹತ್ತು ವರ್ಷಗಳಲ್ಲಿ ಡೀಸೆಲ್, ಬಿಡಿಭಾಗ, ಸಂಬಳ ಎಲ್ಲವೂ ಏರಿರುವಾಗ ಆರು ರೂಪಾಯಿಯ ಟಿಕೆಟ್ಟನ್ನು ಸುಲಿಗೆ ಎನ್ನಲಾಗದು. ಐದರ ನಾಣ್ಯ ಕೊಟ್ಟು ಇಳಿಯುತ್ತಿದ್ದಲ್ಲಿ ಈಗ ಇನ್ನೊಂದು ರೂಪಾಯಿ ಚಿಲ್ಲರೆಗಾಗಿ ಕಂಡಕ್ಟರ್ ಮತ್ತು ಪ್ರಯಾಣಿಕರ ನಡುವೆ ಹೊಸ ಜಗಳ ಹುಟ್ಟಿದೆ ಎಂಬುದನ್ನು ಬಿಟ್ಟರೆ ಬಸ್ಸು ಇಂದಿಗೂ ಈ ನಗರದ ಅತ್ಯಂತ ಪ್ರಾಮಾಣಿಕ ವಾಹನ. ನಮ್ಮ ತಕರಾರು ಮೆಟ್ರೊದ ಬಗ್ಗೆ. ದೆಹಲಿ ಮೆಟ್ರೊ ಅದೇ ವರ್ಷ ಆಗಸ್ಟ್‌ನಲ್ಲಿ ದರ ಏರಿಸಿದಾಗಲೂ ಅಲ್ಲಿಯ ಗರಿಷ್ಠ ದರ 64ಕ್ಕೆ ನಿಂತಿತು. ಚೆನ್ನೈ ಮೆಟ್ರೊ 2021ರಲ್ಲಿ ತನ್ನ ಗರಿಷ್ಠ ದರವನ್ನು 70ರಿಂದ 50ಕ್ಕೆ ಇಳಿಸಿತು. ಇಳಿಸಿತು! ಇಳಿಸಲೂ ಸಾಧ್ಯವಿದೆ ಎಂಬ ಸಂಗತಿಯನ್ನು ನಮ್ಮ ಅಧಿಕಾರಿಗಳಿಗೆ ಪಕ್ಕದ ರಾಜ್ಯದವರಾದರೂ ತಿಳಿಸಿಕೊಡಬಾರದೇ?

ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ದರ ನಿಗದಿ ಸಮಿತಿಯು 2002ರ ಮೆಟ್ರೊ ರೈಲ್ವೆ ಕಾಯ್ದೆಯಂತೆ ಕೇಂದ್ರ ರಚಿಸಿದ್ದು, ಅದರ ಶಿಫಾರಸು ಪಾಲಿಸುವುದು ಕಡ್ಡಾಯ, ನಾವೇನು ಮಾಡಲಿ ಎಂದು ರಾಜ್ಯ ಹೇಳುತ್ತದೆ. ಸಮಿತಿ ಬೇಕೆಂದು ಕೇಳಿದ್ದು ನೀವೇ ಅಲ್ಲವೇ ಎಂದು ಕೇಂದ್ರದ ಕಡೆಯವರು ಹೇಳುತ್ತಾರೆ. ಮೆಟ್ರೊ ನಿಗಮದಲ್ಲಿ ಎರಡೂ ಸರಕಾರಗಳ ಪಾಲು ಸಮಸಮ. ಹಳದಿ ಮಾರ್ಗವನ್ನು 2025ರ ಆಗಸ್ಟ್ 10ರಂದು ಉದ್ಘಾಟಿಸುವಾಗ ವೇದಿಕೆಯಲ್ಲಿ ಎರಡೂ ಕಡೆಯವರಿಗೆ ಜಾಗ ಸಾಲಲಿಲ್ಲ. ದರದ ಹೊಣೆ ಹೊರಲು ಮಾತ್ರ ಒಬ್ಬರೂ ಸಿಗಲಿಲ್ಲ.

ಇದಕ್ಕೆ ಒಂದು ಸಿದ್ಧ ಉತ್ತರವಿದೆ. ದರ ಏರಿಸಿದ ಮೇಲೂ ಮೆಟ್ರೊ ತುಂಬಿ ತುಳುಕುತ್ತಿದೆ, ಹಳದಿ ಮಾರ್ಗ ತೆರೆದ ದಿನ ಪ್ರಯಾಣಿಕರ ಸಂಖ್ಯೆ ಹತ್ತು ಲಕ್ಷ ದಾಟಿತು, ಹಾಗಾದರೆ ಜನರಿಗೇನು ಹೊರೆಯಾಯಿತು ಎಂದು ಕೇಳುತ್ತಾರೆ. ಹೊಸ ಮಾರ್ಗ ಬಂದಾಗ ಹೊಸ ಪ್ರಯಾಣಿಕರು ಬರುವುದು ಸಹಜ. ಆದರೆ ಫೆಬ್ರವರಿಯ ಏರಿಕೆಯ ಬೆನ್ನಿಗೇ ಸಂಖ್ಯೆ ಕುಸಿದಿತ್ತು. ಅಂದು ಇಳಿದುಹೋದವರು ಯಾರು? ಅವರು ವಿಮಾನ ಹತ್ತಲಿಲ್ಲ. ಬಹುಪಾಲು ಮಂದಿ ಹಳೆಯ ಸ್ಕೂಟರನ್ನು ಮತ್ತೆ ಒರೆಸಿ ಹೊರತೆಗೆದಿರಬೇಕು. ಲೀಟರಿಗೆ ನೂರು ರೂಪಾಯಿಗೂ ಮೀರಿದ ಪೆಟ್ರೋಲ್ ಹಾಕಿ ಲೀಟರಿಗೆ ನಲವತ್ತೈದು ಕಿಲೋಮೀಟರ್ ಓಡಿಸಿದರೂ ಹತ್ತು ಕಿಲೋಮೀಟರಿಗೆ ಇಪ್ಪತ್ತಮೂರು ರೂಪಾಯಿಯಾಯಿತು. ಹಿಂದೆ ಹೆಂಡತಿ ಕುಳಿತರೆ ತಲೆಗೆ ಹನ್ನೆರಡು. ಮೆಟ್ರೊದ ಐವತ್ತಕ್ಕೆ ಇದು ಉತ್ತರ. ಒಂದು ಕೋಟಿಗೂ ಮಿಕ್ಕಿ ವಾಹನಗಳು ನೋಂದಣಿಯಾಗಿರುವ ಊರಿನಲ್ಲಿ, ಟಾಮ್‌ಟಾಮ್ ಸಂಸ್ಥೆಯ 2024ರ ಸಮೀಕ್ಷೆಯಂತೆ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಬೇಕಾದ ಊರಿನಲ್ಲಿ, ರೈಲಿನಿಂದ ಇಳಿಸಿ ರಸ್ತೆಗೆ ಅಟ್ಟಿದ ಪ್ರತಿಯೊಬ್ಬ ಸ್ಕೂಟರ್ ಸವಾರನ ಖರ್ಚನ್ನು ನಾವೆಲ್ಲರೂ ಹೊಗೆಯ ರೂಪದಲ್ಲಿ ಕುಡಿಯುತ್ತೇವೆ.

ಇನ್ನು ತಿಂಗಳ ಲೆಕ್ಕವನ್ನು ನೋಡೋಣ. ಹತ್ತು ಕಿಲೋಮೀಟರ್ ದೂರದ ಕೆಲಸಕ್ಕೆ ತಿಂಗಳಲ್ಲಿ 26 ದಿನ ಹೋಗಿ ಬರುವ ಒಬ್ಬಂಟಿ ಪ್ರಯಾಣಿಕನಿಗೆ ಬಿಎಂಟಿಸಿಯ ಪಾಸ್ 1,200 ರೂಪಾಯಿ. ಅಂದರೆ ದಿನಕ್ಕೆ 46. ಆ ಪಾಸಿನಲ್ಲಿ ಭಾನುವಾರ ಮಾರುಕಟ್ಟೆಗೂ ಹೋಗಿ ಬರಬಹುದು, ಲೆಕ್ಕಕ್ಕಿಲ್ಲ. ಮೆಟ್ರೊದಲ್ಲಾದರೆ 2,600, ಕಾರ್ಡ್ ಇದ್ದರೆ 2,470. ಮೀಟರಿನಂತೆ ಆಟೊದಲ್ಲಿ 9,360. ಟ್ಯಾಕ್ಸಿಗೆ 2024ರ ಫೆಬ್ರವರಿಯಲ್ಲಿ ಸರಕಾರ ಏಕರೂಪ ದರ ಗೊತ್ತುಪಡಿಸಿತು. ಹತ್ತು ಲಕ್ಷದವರೆಗಿನ ಬೆಲೆಯ ಕಾರಿಗೆ ಮೊದಲ ನಾಲ್ಕು ಕಿಲೋಮೀಟರಿಗೆ 100, ನಂತರದ ಪ್ರತಿ ಕಿಲೋಮೀಟರಿಗೆ 24. ಅದರಂತೆ ಹತ್ತು ಕಿಲೋಮೀಟರಿಗೆ 244, ದಿನಕ್ಕೆ 488, ತಿಂಗಳಿಗೆ 12,688. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳ ತಿಂಗಳ ದುಡಿಮೆಗೆ ಸಮೀಪದ ಮೊತ್ತವಿದು. ಅದೃಷ್ಟಕ್ಕೆ ಅವಳ ಲೆಕ್ಕ ಸೊನ್ನೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ಟಿಲ್ಲ.

ಈ ಶಕ್ತಿ ಯೋಜನೆಯ ಬಗ್ಗೆ ಉಳ್ಳವರ ಬಾಯಲ್ಲಿ ಬರುವ ಮಾತುಗಳನ್ನು ಕೇಳಿದಾಗ ನಮಗೆ ಆಶ್ಚರ್ಯವೂ ಜುಗುಪ್ಸೆಯೂ ಆಗುತ್ತದೆ. ಹೆಂಗಸರು ಸುಮ್ಮನೆ ಸುತ್ತುತ್ತಾರಂತೆ. ಸುತ್ತಲಿ! ಇಷ್ಟು ಕಾಲ ಬಸ್ ಚಾರ್ಜಿಗೆ ಗಂಡನ ಮುಂದೆಯೋ ಮಗನ ಮುಂದೆಯೋ ಕೈಚಾಚಬೇಕಿದ್ದ ಹೆಂಗಸು ತಾನಾಗಿ ತವರಿಗೆ ಹೋಗಿ ಬಂದರೆ, ಆಸ್ಪತ್ರೆಯಲ್ಲಿರುವ ಅಕ್ಕನನ್ನು ನೋಡಿ ಬಂದರೆ, ಒಂದು ಮದುವೆಗೆ ಹೋಗಿ ಬಂದರೆ ರಾಜ್ಯದ ಬೊಕ್ಕಸ ಮುಳುಗಿಹೋಗುತ್ತದೆಯೇ? ಇದೇ ಮಂದಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ ಕೊರೆಯುವ ಯೋಜನೆಗೆ 17 ಸಾವಿರ ಕೋಟಿಗೂ ಹೆಚ್ಚಿನ ಅಂದಾಜು ಸಿದ್ಧವಾದಾಗ ಅದನ್ನು ‘ಅಭಿವೃದ್ಧಿ’ ಎಂದು ಕರೆಯುತ್ತಾರೆ. ಕಾರಿನವನಿಗೆ ಕೊಟ್ಟರೆ ಅಭಿವೃದ್ಧಿ, ಬಸ್ಸಿನವಳಿಗೆ ಕೊಟ್ಟರೆ ಬಿಟ್ಟಿ ಭಾಗ್ಯ. ಶಬ್ದಕೋಶವನ್ನು ಬರೆದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಆ್ಯಪ್‌ಗಳ ಕಡೆಗೆ ಬರೋಣ. ಉಬರ್ ಕಂಪೆನಿ ಭಾರತದಲ್ಲಿ ಮೊದಲು ಕಾಲಿಟ್ಟ ನಗರವೇ ಬೆಂಗಳೂರು, 2013ರಲ್ಲಿ. ಅದಕ್ಕೆ ಮೊದಲೇ ಹುಟ್ಟಿದ್ದ ಓಲಾ ಕೂಡ ಇದೇ ಊರನ್ನು ತನ್ನ ಕೇಂದ್ರ ಮಾಡಿಕೊಂಡಿತು. ಆರಂಭದ ದಿನಗಳನ್ನು ನೆನಪಿಸಿಕೊಳ್ಳಿ. 2016ರಲ್ಲಿ ಕಿಲೋಮೀಟರಿಗೆ ಆರು ರೂಪಾಯಿಗೆ ಹವಾನಿಯಂತ್ರಿತ ಕಾರು ಎಂದು ಜಾಹೀರಾತು ಬಂತು. ಆಟೊಗಿಂತ ಕಾರೇ ಅಗ್ಗ ಎಂಬ ವಿಚಿತ್ರ ಕಾಲವದು. ಎಲ್ಲಿಂದ ಬಂತು ಆ ಅಗ್ಗ? ಹೂಡಿಕೆದಾರರ ಹಣದಿಂದ. ಪ್ರಯಾಣಿಕನಿಗೆ ರಿಯಾಯಿತಿ, ಚಾಲಕನಿಗೆ ‘ಇನ್ಸೆಂಟಿವ್’. ಲಕ್ಷ ರೂಪಾಯಿ ಸಂಪಾದನೆ ಎಂಬ ಮಾತನ್ನು ನಂಬಿ ಹಳ್ಳಿಯ ಜಮೀನು ಒತ್ತೆಯಿಟ್ಟು, ಮನೆಯವರ ಒಡವೆ ಅಡವಿಟ್ಟು ಕಾರು ತಂದವರೆಷ್ಟೋ. ಪ್ರಯಾಣಿಕರಿಗೆ ಅಭ್ಯಾಸ ಹಿಡಿದ ಮೇಲೆ, ಚಾಲಕರಿಗೆ ಸಾಲ ಹಿಡಿದ ಮೇಲೆ, ಎರಡೂ ಕಡೆಯ ಸಕ್ಕರೆಯನ್ನು ಹಿಂತೆಗೆದುಕೊಳ್ಳಲಾಯಿತು. ಇನ್ಸೆಂಟಿವ್ ಇಳಿದಾಗ 2017ರ ಆರಂಭದಲ್ಲಿ ಬೆಂಗಳೂರಿನ ಚಾಲಕರು ಬೀದಿಗಿಳಿದು ಮುಷ್ಕರ ಹೂಡಿದರು. ಪ್ರಯಾಣಿಕರು ಮುಷ್ಕರ ಹೂಡಲಿಲ್ಲ, ಗೊಣಗಿಕೊಂಡು ಹಣ ಕೊಟ್ಟರು.

ಹರಾಜು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಸಂಜೆ ಆರಕ್ಕೆ ಮಳೆ ಸುರಿಯುತ್ತದೆ. ಒಂದೇ ಪ್ರದೇಶದಲ್ಲಿ ಸಾವಿರ ಮಂದಿ ಮೊಬೈಲ್ ತೆಗೆಯುತ್ತಾರೆ, ಕಾರುಗಳಿರುವುದು ಇನ್ನೂರು. ದರ ತಾನಾಗಿ ಏರುತ್ತದೆ. ಇದನ್ನು ‘ಸರ್ಜ್’ ಎನ್ನುತ್ತಾರೆ. ಏರಿದ ದರ ಕಂಡು ಹೆಚ್ಚು ಚಾಲಕರು ಅತ್ತ ಬರುತ್ತಾರೆ, ಹಾಗಾಗಿ ಎಲ್ಲರಿಗೂ ಒಳಿತು ಎಂಬುದು ಕಂಪೆನಿಗಳ ವಾದ. ರಸ್ತೆಯೇ ನಿಂತುಹೋಗಿರುವಾಗ ಕಾರುಗಳು ಹಾರಿಕೊಂಡು ಬರುತ್ತವೆಯೇ? ವಾಸ್ತವದಲ್ಲಿ ನಡೆಯುವುದಿಷ್ಟೇ: ಇನ್ನೂರು ಕಾರುಗಳು ಹೆಚ್ಚು ಕೊಡಬಲ್ಲ ಇನ್ನೂರು ಮಂದಿಗೆ ಸಿಗುತ್ತವೆ, ಉಳಿದವರು ಬಸ್ ನಿಲ್ದಾಣದ ಸೋರುವ ಮಾಡಿನ ಕೆಳಗೆ ನಿಲ್ಲುತ್ತಾರೆ. 2020ರ ಕೇಂದ್ರ ಮಾರ್ಗಸೂಚಿಯಲ್ಲಿ ಈ ಏರಿಕೆಗೆ ಮೂಲದರದ ಒಂದೂವರೆ ಪಟ್ಟಿನ ಮಿತಿಯಿತ್ತು. 2025ರ ಜುಲೈನ ಹೊಸ ಮಾರ್ಗಸೂಚಿ ಅದನ್ನು ಎರಡು ಪಟ್ಟಿಗೆ ಏರಿಸಿತು. ಹಿಂದೆ ಆಟೊದವರು ರಾತ್ರಿ ಹತ್ತು ಗಂಟೆಗೆ ‘ಒನ್ ಅಂಡ್ ಹಾಫ್’ ಕೇಳಿದರೆ ನಾವೆಲ್ಲ ಪೊಲೀಸರನ್ನು ಕರೆಯುವಷ್ಟು ಸಿಟ್ಟಾಗುತ್ತಿದ್ದೆವು. ಈಗ ಡಬ್ಬಲ್‌ಗೆ ಸರಕಾರದ ಮುದ್ರೆಯೇ ಬಿದ್ದಿದೆ, ತೆರೆಯ ಮೇಲೆ ಅಂದವಾಗಿ ಕಾಣುವುದರಿಂದ ಸಿಟ್ಟೂ ಬರುವುದಿಲ್ಲ.

ಇದೂ ಸಾಲದೆಂಬಂತೆ ‘ಮುಂಗಡ ಟಿಪ್’ ಬಂತು. ಗಾಡಿ ಬರುವ ಮೊದಲೇ ಹತ್ತೋ ಇಪ್ಪತ್ತೋ ಐವತ್ತೋ ಸೇರಿಸಿ, ಬೇಗ ಗಾಡಿ ಸಿಗಬಹುದು ಎಂದು ಆ್ಯಪ್ ಸಲಹೆ ಕೊಡುತ್ತದೆ. ಸೇವೆ ಮುಗಿದ ಮೇಲೆ ಸಂತೋಷದಿಂದ ಕೊಡುವುದಕ್ಕೆ ಇನಾಮು ಎನ್ನುತ್ತಾರೆ. ಸೇವೆಗೆ ಮೊದಲೇ, ಸೇವೆ ಸಿಗಲೆಂದು ಕೊಡುವುದಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿದೆ, ತಾಲೂಕು ಕಚೇರಿಗೆ ಅಲೆದವರಿಗೆಲ್ಲ ಅದು ಗೊತ್ತು. 2025ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇದರ ಬಗ್ಗೆ ಉಬರ್‌ಗೆ ನೋಟಿಸು ನೀಡಿತು. ಧಾರವಾಡದ ಸಂಸದರೂ ಆದ ಗ್ರಾಹಕ ವ್ಯವಹಾರಗಳ ಸಚಿವ ಪ್ರಹ್ಲಾದ ಜೋಶಿಯವರು ಇದು ಅನೈತಿಕ ಎಂದರು. ಸಚಿವರ ಮಾತನ್ನು ಒಪ್ಪುತ್ತೇವೆ. ಎರಡು ತಿಂಗಳಲ್ಲೇ ಅದೇ ಸರಕಾರದ ಇನ್ನೊಂದು ಇಲಾಖೆ ಸರ್ಜನ್ನು ಎರಡು ಪಟ್ಟು ಮಾಡಿದ್ದು ಯಾವ ನೀತಿ ಎಂಬುದಷ್ಟೇ ನಮಗೆ ತಿಳಿಯುತ್ತಿಲ್ಲ.

ಆಟೊಗಳ ಕಥೆ ಇನ್ನೂ ಸ್ವಾರಸ್ಯಕರ. ಆ್ಯಪ್‌ಗಳು ಆಟೊಗೆ ಕನಿಷ್ಠ ನೂರು ರೂಪಾಯಿ ಪಡೆಯುತ್ತಿವೆಯೆಂಬ ದೂರುಗಳು ಹೆಚ್ಚಾದಾಗ 2022ರ ಅಕ್ಟೋಬರ್‌ನಲ್ಲಿ ಸಾರಿಗೆ ಇಲಾಖೆ ಓಲಾ, ಉಬರ್, ರ್‍ಯಾಪಿಡೋಗಳಿಗೆ ನೋಟಿಸು ಕೊಟ್ಟಿತು. ಆಗ ಸರಕಾರಿ ಕನಿಷ್ಠ ದರ 30 ರೂಪಾಯಿ. ವಿಷಯ ಹೈಕೋರ್ಟಿಗೆ ಹೋಯಿತು. ದರದ ಮೇಲೆ ಶೇ. 5 ಸೇವಾ ಶುಲ್ಕ ಮತ್ತು ಜಿಎಸ್‌ಟಿ ಮಾತ್ರ ಎಂದು ಸರಕಾರ ಆದೇಶಿಸಿತು, 2024ರ ಮೇಯಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸಮಸ್ಯೆ ಮುಗಿಯಿತೇ? ಇಲ್ಲ, ಕಂಪೆನಿಗಳು ದಾರಿ ಬದಲಿಸಿದವು. ನಮ್ಮ ಯಾತ್ರಿ ಎಂಬ ಆ್ಯಪ್ ಕಮಿಷನ್ ಬಿಟ್ಟು ಚಾಲಕರಿಂದ ದಿನಕ್ಕಿಷ್ಟು ಚಂದಾ ಪಡೆಯುವ ಪದ್ಧತಿ ತಂದಿತ್ತು. ಆಟೊ ಚಾಲಕರಿಗೆ ಅದರಿಂದ ಅನುಕೂಲವಾದದ್ದು ನಿಜ. ದೊಡ್ಡ ಕಂಪೆನಿಗಳೂ ಆಟೊಗಳಿಗೆ ಅದನ್ನೇ ಅನುಸರಿಸಿದವು. 2025ರ ಫೆಬ್ರವರಿಯಲ್ಲಿ ಉಬರ್, ತಾನು ಆಟೊ ಮತ್ತು ಪ್ರಯಾಣಿಕನನ್ನು ಜೋಡಿಸುವ ಸಂಸ್ಥೆ ಮಾತ್ರ, ಬಾಡಿಗೆ ಅವರಿಬ್ಬರಿಗೆ ಬಿಟ್ಟದ್ದು ಎಂಬರ್ಥದ ಹೊಸ ವ್ಯವಸ್ಥೆ ತಂದಿತು. ಕಮಿಷನ್ ಇಲ್ಲವೆಂದ ಮೇಲೆ ಶೇ. 5ರ ಮಿತಿ ಯಾರಿಗೆ ಅನ್ವಯವಾಗಬೇಕು? ಹೀಗೆ ಕಾನೂನು ಬಾಗಿಲಿನಿಂದ ಒಳಬಂದಾಗ ವ್ಯಾಪಾರ ಕಿಟಕಿಯಿಂದ ಹೊರಗಿಳಿದಿತ್ತು.

ಇಷ್ಟೆಲ್ಲ ಬರೆದ ಮೇಲೆ ಚಾಲಕರನ್ನು ಬೈಯುತ್ತಿದ್ದೇವೆಂದು ಯಾರೂ ಭಾವಿಸಬಾರದು. ಮೀಟರ್ ಹಾಕದ ಆಟೊದವರನ್ನು ನಾವು ಸಮರ್ಥಿಸುವುದಿಲ್ಲ, ಅದು ತಪ್ಪೇ. ಆದರೆ ಒಬ್ಬ ಚಾಲಕನ ದಿನವನ್ನು ನೋಡಿ. ಬೆಳಗ್ಗೆ ಆರಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮನೆ ಸೇರುವವನಿಗೆ ಗಾಡಿಯ ಕಂತು, ಇಂಧನ, ವಿಮೆ, ಎಫ್‌ಸಿ, ಟೈರು, ಮೇಲಿಂದ ಆ್ಯಪ್‌ನ ಕಮಿಷನ್ ಅಥವಾ ಚಂದಾ. ನಾವು ಕೊಟ್ಟ 488 ರೂಪಾಯಿ ಅವನ ಕೈಯಲ್ಲಿ ಉಳಿಯುವುದಿಲ್ಲ. ಬಾಡಿಗೆ ಇಲ್ಲದೆ ಖಾಲಿ ಓಡಿದ ಕಿಲೋಮೀಟರಿಗೆ ಅವನಿಗೆ ಯಾರೂ ಹಣ ಕೊಡುವುದಿಲ್ಲ. ರೇಟಿಂಗ್ ಇಳಿದರೆ, ಐಡಿ ಬ್ಲಾಕ್ ಆದರೆ ಕೇಳಲು ಒಂದು ಕಚೇರಿಯಿಲ್ಲ, ಒಬ್ಬ ಮನುಷ್ಯನ ಮುಖವಿಲ್ಲ. ಕರ್ನಾಟಕ ಸರಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆ ತಂದು, ಪ್ರತಿ ವಹಿವಾಟಿನಿಂದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಸಂಗ್ರಹಿಸಲು ಅವಕಾಶ ಮಾಡಿತು. ಒಳ್ಳೆಯ ಕೆಲಸ. ಆ ಹಣ ಚಾಲಕನ ಮಗಳ ಶಾಲೆಯ ಫೀಸಿಗೋ ಅಪಘಾತದ ಚಿಕಿತ್ಸೆಗೋ ತಲುಪಿದಾಗ ಇನ್ನೂ ಹೆಚ್ಚು ಹೊಗಳೋಣ.

ಶಿವಾಜಿನಗರದಿಂದ ಟ್ಯಾನರಿ ರಸ್ತೆ ಹಿಡಿದು ಕೆ.ಜಿ. ಹಳ್ಳಿ, ನಾಗವಾರದ ಕಡೆಗೆ ಹೋದರೆ ಈ ಇಡೀ ಲೆಕ್ಕಾಚಾರ ಒಂದೇ ರಸ್ತೆಯಲ್ಲಿ ಕಾಣಸಿಗುತ್ತದೆ. ಈ ಓಣಿಗಳ ಗಂಡಸರಲ್ಲಿ ಆಟೊ, ಕಾರು, ಸರಕಿನ ಗಾಡಿ ಓಡಿಸುವವರು ಬಹಳ. ಹೆಂಗಸರು ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ, ಆಸ್ಪತ್ರೆಗಳ ಶುಚಿತ್ವದ ಕೆಲಸಕ್ಕೆ ಹೋಗುತ್ತಾರೆ. ಊರನ್ನು ಸಾಗಿಸುವವರ ಬಡಾವಣೆ ಇದು. ಇಲ್ಲಿಗೆ ಮೆಟ್ರೊ ಎಂದು ಬಂತು? ಎರಡನೆಯ ಹಂತದ ಯೋಜನೆಗೆ 2014ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗ, ಸುಮಾರು 21 ಕಿಲೋಮೀಟರ್, ಈ ರಸ್ತೆಯ ಕೆಳಗೇ ಸುರಂಗದಲ್ಲಿ ಹಾದುಹೋಗುತ್ತದೆ. ರಸ್ತೆ ಅಗೆದರು, ತಗಡಿನ ಬೇಲಿ ಹಾಕಿದರು, ಅಂಗಡಿಗಳ ವ್ಯಾಪಾರ ಕುಸಿಯಿತು, ಬಸ್ಸುಗಳು ಸುತ್ತುಬಳಸಿದವು. 2025 ಮುಗಿಯುವಾಗಲೂ ಆ ಮಾರ್ಗದಲ್ಲಿ ಒಬ್ಬ ಪ್ರಯಾಣಿಕನೂ ರೈಲು ಹತ್ತಿರಲಿಲ್ಲ. ಅದೇ ಅವಧಿಯಲ್ಲಿ ವೈಟ್‌ಫೀಲ್ಡ್ ಕಡೆಗೆ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲೇ ಪೂರ್ಣಗೊಂಡಿತು. ಸುರಂಗ ಕೊರೆಯುವುದು ಕಷ್ಟ, ಕಲ್ಲು ಗಟ್ಟಿ ಎಂಬ ಎಂಜಿನಿಯರುಗಳ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಕಾಯುತ್ತಿದ್ದವರಿಗೆ ಹತ್ತು ವರ್ಷಗಳ ಪರ್ಯಾಯವಾಗಿ ಏನು ಕೊಟ್ಟಿರಿ ಎಂಬುದಷ್ಟೇ ಪ್ರಶ್ನೆ. ರೈಲು ಬರುವ ದಿನ ಅದು ಹಳೆಯ ದರದಲ್ಲಿ ಬರುವುದಿಲ್ಲವೆಂಬುದಂತೂ ಖಚಿತ. ಕಷ್ಟದ ಕಾಲದಲ್ಲಿ ಅಗ್ಗದ ರೈಲು ಬೇರೆಯವರಿಗೆ ಸಿಕ್ಕಿತು, ಧೂಳು ಕುಡಿದವರಿಗೆ ದುಬಾರಿ ರೈಲು ಸಿಗಲಿದೆ.

ರಾತ್ರಿಯ ಲೆಕ್ಕವಂತೂ ಇನ್ನೂ ಕ್ರೂರ. ಹನ್ನೊಂದರ ಸುಮಾರಿಗೆ ಮೆಟ್ರೊ ಮಲಗುತ್ತದೆ. ಅದಕ್ಕೂ ಮೊದಲೇ ಬಸ್ಸುಗಳು ವಿರಳವಾಗಿರುತ್ತವೆ. ಹೋಟೆಲಿನ ಅಡುಗೆಯವ, ಮಾಲ್‌ನ ಕಾವಲುಗಾರ, ಎರಡನೆಯ ಪಾಳಿ ಮುಗಿಸಿದ ದಾದಿ ಹೊರಬರುವ ಹೊತ್ತದು. ನಗರದ ಅತ್ಯಂತ ಕಡಿಮೆ ಸಂಬಳದವರು ಅತ್ಯಂತ ಹೆಚ್ಚಿನ ದರ ಕೊಡಬೇಕಾದ ಗಳಿಗೆಯೂ ಅದೇ. ಐಟಿ ಕಂಪೆನಿಯ ನೌಕರನನ್ನು ಕಂಪೆನಿಯ ಕಾರು ಮನೆಗೆ ತಲುಪಿಸುತ್ತದೆ. ದಾದಿ ಆ್ಯಪ್ ತೆರೆಯುತ್ತಾಳೆ. ಅವಳ ಮಟ್ಟಿಗೆ ಆಯ್ಕೆ ಎಂಬ ಶಬ್ದಕ್ಕೆ ಅರ್ಥವಿಲ್ಲ.

ಆ್ಯಪ್‌ಗಳಿಂದ ಒಳಿತೇ ಆಗಿಲ್ಲವೇ? ಆಗಿದೆ. ಮೊದಲು ಆಟೊದವರು ‘ಬರಲ್ಲ’ ಎಂದರೆ ನಡೆಯಬೇಕಿತ್ತು. ವೃದ್ಧರಿಗೆ, ಗರ್ಭಿಣಿಯರಿಗೆ, ಗಾಲಿಕುರ್ಚಿಯವರಿಗೆ ಮನೆಬಾಗಿಲಿಗೆ ಗಾಡಿ ಬರುವುದು ದೊಡ್ಡ ಅನುಕೂಲ. ಗಾಡಿಯ ನಂಬರು ಮನೆಯವರಿಗೆ ಗೊತ್ತಿರುವುದು ಒಂಟಿ ಹೆಣ್ಣುಮಗಳಿಗೆ ಧೈರ್ಯ. ಸ್ವಂತ ಕಾರು ಇಟ್ಟುಕೊಳ್ಳುವುದಕ್ಕಿಂತ ಬೇಕಾದಾಗ ಟ್ಯಾಕ್ಸಿ ಕರೆಯುವುದು ಅಗ್ಗ ಎಂಬ ವಾದದಲ್ಲೂ ಹುರುಳಿದೆ. ಕಂತು, ವಿಮೆ, ಪಾರ್ಕಿಂಗ್ ಸೇರಿಸಿದರೆ ವಾರಕ್ಕೆರಡು ಬಾರಿ ಮಾತ್ರ ಹೊರಡುವ ಕಾರು ಬಿಳಿಯಾನೆಯೇ. ಆದರೆ ಇದು ಕಾರು ಕೊಳ್ಳಬಲ್ಲವರ ನಡುವಿನ ಲೆಕ್ಕ. ರಸ್ತೆಗೆ ಸಂಬಂಧಿಸಿದಂತೆ ಸ್ವಂತ ಕಾರಿಗೂ ಬಾಡಿಗೆ ಕಾರಿಗೂ ಭೇದವಿಲ್ಲ, ಬಾಡಿಗೆ ಕಾರು ಮುಂದಿನ ಗಿರಾಕಿಯನ್ನು ಹುಡುಕಿಕೊಂಡು ಖಾಲಿ ಓಡುವುದರಿಂದ ಒಂದು ಹಿಡಿ ಹೆಚ್ಚೇ ಜಾಗ ತಿನ್ನುತ್ತದೆ. ಅರುವತ್ತು ಮಂದಿಯ ಒಂದು ಬಸ್ಸು ಆಕ್ರಮಿಸುವ ಜಾಗದಲ್ಲಿ ಎರಡು ಮೂರು ಕಾರು ಹಿಡಿಸಬಹುದು, ಅಷ್ಟೇ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಿಬಿಡುತ್ತೇವೆ. ಖರ್ಚಿನ ಲೆಕ್ಕದಲ್ಲಿ ಇದು ಬರುವುದಿಲ್ಲ, ಆದರೂ ಬೆಲೆಯುಳ್ಳ ಸಂಗತಿ. ಬಸ್ಸಿನ ಟಿಕೆಟ್ಟಿನ ಮೇಲೆ ಹೆಸರಿರುವುದಿಲ್ಲ. ನೀವು ಯಾರ ಪಕ್ಕದಲ್ಲಿ ಕುಳಿತಿದ್ದೀರಿ, ಓಡಿಸುತ್ತಿರುವವನು ಯಾರು ಎಂದು ತಿಳಿದುಕೊಳ್ಳದೆಯೇ ಊರು ಮುಟ್ಟುತ್ತೀರಿ. ಆ್ಯಪ್‌ನಲ್ಲಿ ಹೆಸರು ಮೊದಲೇ ಬರುತ್ತದೆ. 2018ರ ಏಪ್ರಿಲ್‌ನಲ್ಲಿ ಲಕ್ನೋದ ಒಬ್ಬಾತ, ಚಾಲಕ ಮುಸ್ಲಿಮನೆಂಬ ಕಾರಣಕ್ಕೆ ತಾನು ಗಾಡಿಯನ್ನು ರದ್ದುಮಾಡಿದೆನೆಂದು ಬಹಿರಂಗವಾಗಿ ಬರೆದುಕೊಂಡಾಗ ದೇಶವೆಲ್ಲ ಚರ್ಚೆಯಾಯಿತು. ನಾವು ಚಾಲಕರನ್ನೂ ಗ್ರಾಹಕರನ್ನೂ ಧರ್ಮದಿಂದ ಅಳೆಯುವುದಿಲ್ಲ ಎಂದು ಓಲಾ ಹೇಳಬೇಕಾಗಿ ಬಂತು. ಬರೆದುಕೊಳ್ಳದೆ ರದ್ದುಮಾಡುವವರ ಲೆಕ್ಕ ಯಾರ ಬಳಿಯೂ ಇಲ್ಲ. ನೂಕುನುಗ್ಗಲಿನ ಬಸ್ಸಿನಲ್ಲಿ ಇಂಥ ಆಯ್ಕೆಗೆ ಆಸ್ಪದವೇ ಇಲ್ಲವೆಂಬುದು ಅದರ ದೊಡ್ಡ ಗುಣ.

ಹಾಗಾದರೆ ಏನಾಗಬೇಕು? ಆಗಬೇಕಾದದ್ದೇನೂ ಆಕಾಶಕ್ಕೆ ಏಣಿ ಹಾಕುವ ಕೆಲಸವಲ್ಲ. ಬಸ್ಸಿನಲ್ಲಿರುವಂತೆ ಮೆಟ್ರೊದಲ್ಲೂ ದುಡಿಯುವವರ ಕೈಗೆಟಕುವ ತಿಂಗಳ ಪಾಸ್ ಬೇಕು; ಪ್ರವಾಸಿಗರಿಗೆ ಒಂದು ದಿನದ, ಮೂರು ದಿನದ ಪಾಸ್ ಕೊಡಬಲ್ಲ ನಿಗಮಕ್ಕೆ ಇದು ತಿಳಿಯದ ವಿದ್ಯೆಯಲ್ಲ. ಬಸ್ಸಿಗೂ ಮೆಟ್ರೊಗೂ ಒಂದೇ ಟಿಕೆಟ್ಟು ಬೇಕು, ಎರಡು ನಿಗಮಗಳ ಜಗಳಕ್ಕೆ ಪ್ರಯಾಣಿಕ ಎರಡು ಬಾರಿ ಹಣ ಕೊಡುವಂತಾಗಬಾರದು. ಪ್ರತಿ ನಿಲ್ದಾಣದಿಂದ ಸುತ್ತಲಿನ ಬಡಾವಣೆಗಳಿಗೆ ಹತ್ತು ನಿಮಿಷಕ್ಕೊಂದು ಸಣ್ಣ ಬಸ್ಸು ಓಡಿದರೆ ನಮ್ಮ ಲೆಕ್ಕದ ಆ 72 ರೂಪಾಯಿಯಲ್ಲಿ ಬಹುಪಾಲು ಕರಗುತ್ತದೆ, ಆಗ ಮಾತ್ರ ಮೂವರ ಕುಟುಂಬಕ್ಕೆ ಮೆಟ್ರೊ ಅರ್ಥಪೂರ್ಣವಾಗುತ್ತದೆ. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಆಸ್ಪತ್ರೆ, ರೈಲು ನಿಲ್ದಾಣ, ಮಾರುಕಟ್ಟೆಗಳನ್ನು ಜೋಡಿಸುವ ಬಸ್ಸುಗಳು ಗಂಟೆಗೊಮ್ಮೆಯಾದರೂ ಬೇಕು. ಆ್ಯಪ್‌ಗಳ ವಿಷಯದಲ್ಲಿ, ಸರಕಾರ ನಿಗದಿಪಡಿಸಿದ ದರವನ್ನು ಅವರು ಕೇಳುವ ದರದ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ತೋರಿಸುವಂತೆ ಕಡ್ಡಾಯ ಮಾಡಲಿ. 244 ಎಂದಿರಬೇಕಾದಲ್ಲಿ 460 ಎಂದು ಕಂಡರೆ ಪ್ರಯಾಣಿಕನಿಗೆ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆಂಬುದಾದರೂ ತಿಳಿದಿರಲಿ.

ಹಣ ಎಲ್ಲಿದೆ ಎಂದು ಕೇಳುವವರಿಗೆ ಸುರಂಗ ರಸ್ತೆಯ ಕಡತವನ್ನು ತೋರಿಸುತ್ತೇವೆ. ಆ ಸುರಂಗದಲ್ಲಿ ಕಾರಿನವರಿಗೆ ದಾರಿಯಿದೆ, ಟೋಲ್ ಕಟ್ಟಬೇಕೆಂಬ ಪ್ರಸ್ತಾವವೂ ಇದೆ. ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವೆಂದು ಹೇಳಲಾಗಿದೆ. ಮೆಟ್ರೊದಿಂದ ಇಳಿದು ಸ್ಕೂಟರ್ ಹತ್ತಿದ ಆ ಮನುಷ್ಯನಿಗೆ ಅಲ್ಲಿಯೂ ಜಾಗವಿಲ್ಲ.